ಪವಾಡ ಅನ್ನೋ ಮುಂಚೆ

ಕನ್ನಡ ಪೇಪರ್ ಓದಿ ಬೆಳೆದವರಿಗೆಲ್ಲ ಒಂದು ಮಾತು ಬಾಯಿಪಾಠ ಆಗಿರುತ್ತೆ: ‘ಪವಾಡಸದೃಶ ರೀತಿಯಲ್ಲಿ ಪಾರು’. ಘಾಟಿಯಲ್ಲಿ ಬ್ರೇಕ್ ಹೋದ ಬಸ್ಸು ಪ್ರಪಾತದ ಅಂಚಿಗೆ ಬಂದು ನಿಂತರೂ ಅದೇ ಮಾತು, ಹೊಳೆಗೆ ಬಿದ್ದ ಹುಡುಗ ಬದುಕಿ ಬಂದರೂ ಅದೇ ಮಾತು. ಆ ಬಸ್ಸಿನ ಡ್ರೈವರ್ ಯಾವ ಗೇರಿಗೆ ಹಾಕಿದ, ಯಾವ ಕಡೆ ಗುಡ್ಡಕ್ಕೆ ಉಜ್ಜಿ ನಿಲ್ಲಿಸಿದ, ಅದಕ್ಕೆ ಮುಂಚೆ ಎಷ್ಟು ವರ್ಷ ಅದೇ ಘಾಟಿ ಹತ್ತಿ ಇಳಿದಿದ್ದ ಅನ್ನೋದು ಸುದ್ದಿಯ ಕೊನೇ ಸಾಲಿನಲ್ಲೂ ಇರಲ್ಲ. ದೇವರು ಕಾಪಾಡಿದ, ಮುಗೀತು.

ಇದು ನಮ್ಮೂರಿನ ಚಾಳಿ ಮಾತ್ರ ಅಂದುಕೊಳ್ಳಬೇಡಿ. 2009ರ ಜನವರಿ 15ರಂದು ನ್ಯೂಯಾರ್ಕ್‌ನ ಹಡ್ಸನ್ ನದಿ ಮೇಲೆ ಯುಎಸ್ ಏರ್‌ವೇಸ್‌ನ ವಿಮಾನವೊಂದು ಇಳಿದು, ಒಳಗಿದ್ದ 155 ಮಂದಿಯೂ ಬದುಕಿದಾಗ, ಆ ರಾಜ್ಯದ ಗವರ್ನರ್ ಡೇವಿಡ್ ಪ್ಯಾಟರ್ಸನ್ ಅದನ್ನ ‘ಹಡ್ಸನ್ ಮೇಲಿನ ಪವಾಡ’ ಅಂದುಬಿಟ್ಟರು. ಆ ಹೆಸರು ಇವತ್ತಿಗೂ ಹೋಗಿಲ್ಲ. ಸಿನಿಮಾ ಬಂತು, ಪುಸ್ತಕಗಳು ಬಂದವು, ಹೆಸರು ಮಾತ್ರ ಅಲ್ಲೇ ನಿಂತಿತು.

ಪವಾಡ ಅನ್ನೋದರಲ್ಲಿ ಭಕ್ತಿ ಇದೆ, ಸಂತೋಷ ಇದೆ, ತಪ್ಪೇನಿಲ್ಲ. ನನ್ನ ತಕರಾರು ಒಂದೇ. ಆ ಒಂದು ಪದ ಬಂದ ಕೂಡಲೇ, ಅಲ್ಲಿ ಕೆಲಸ ಮಾಡಿದವರ ಕೆಲಸ ಮಾಯವಾಗುತ್ತೆ. ಇನ್ನೂ ದೊಡ್ಡ ತೊಂದರೆ ಅಂದರೆ, ಎಲ್ಲರೂ ಬದುಕಿದರೆ ಪವಾಡ, ಬದುಕದಿದ್ದರೆ ಬರೀ ದುರಂತ ಅನ್ನೋ ಲೆಕ್ಕ ಶುರುವಾಗುತ್ತೆ. ಆ ಲೆಕ್ಕದಲ್ಲಿ ನಮ್ಮ ದೇಶದ್ದೇ ಒಂದು ವಿಮಾನ, ಅದರಲ್ಲಿದ್ದ ಎಂಟು ಜನ ಸಿಬ್ಬಂದಿ, ನಮ್ಮ ನೆನಪಿನಿಂದಲೇ ಜಾರಿಹೋಗಿದ್ದಾರೆ. ಅವರ ಕಥೆ ಹೇಳಬೇಕು ಅಂತಲೇ ಇದನ್ನ ಬರೀತಿರೋದು. ಅದಕ್ಕೆ ಮುಂಚೆ ಸ್ವಲ್ಪ ನಮ್ಮೂರಿನ ನೀರಿನ ಹತ್ತಿರ ಹೋಗಿ ಬರೋಣ.

ಮಲ್ಲೇಶ್ವರಂನಲ್ಲಿ ವಿಮಾನದ ಬಗ್ಗೆ ಮಾತಾಡೋರಿಗೆ ಯಾವತ್ತೂ ಬರ ಇಲ್ಲ. ಪಕ್ಕದಲ್ಲೇ ಟಾಟಾ ಇನ್‌ಸ್ಟಿಟ್ಯೂಟ್. ಅಲ್ಲಿ ವಿಮಾನಶಾಸ್ತ್ರದ ವಿಭಾಗ ಶುರುವಾಗಿದ್ದು 1942ರಲ್ಲಿ. ಎಚ್‌ಎಎಲ್‌ನಿಂದ ರಿಟೈರ್ ಆದ ಒಬ್ಬರು ಮಾವನೋ ಚಿಕ್ಕಪ್ಪನೋ ಇಲ್ಲದ ಮನೆ ಇಲ್ಲಿ ಹುಡುಕಬೇಕು. ಸ್ಯಾಂಕಿ ಕೆರೆ ಏರಿ ಮೇಲೆ ಬೆಳಗಿನ ವಾಕಿಂಗ್‌ಗೆ ಬರುವ ಹಿರಿಯರನ್ನ ಮಾತಿಗೆಳೆದರೆ, ಹೃದಯದ ಬೈಪಾಸ್‌ನಿಂದ ಶುರುವಾದ ಮಾತು ಜೆಟ್ ಎಂಜಿನ್ನಿನ ಬೈಪಾಸ್‌ಗೆ ಹೋಗಿ ನಿಲ್ಲುತ್ತೆ. ಅವರಲ್ಲಿ ಹಳಬರಿಗೆ ಗೊತ್ತಿರುವ, ನಮ್ಮ ವಯಸ್ಸಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ: ಬೆಂಗಳೂರಿನಲ್ಲಿ ಒಂದು ಕಾಲಕ್ಕೆ ವಿಮಾನಗಳು ಕೆರೆ ಮೇಲೆ ಇಳೀತಿದ್ದವು.

ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ತೆಗೆದದ್ದು 1940ರ ಡಿಸೆಂಬರ್‌ನಲ್ಲಿ. ಯುದ್ಧ ಜೋರಾದಾಗ, 1943ರಲ್ಲಿ, ಆ ಕಾರ್ಖಾನೆ ಅಮೆರಿಕದ ಸೇನೆಯ ವಿಮಾನ ರಿಪೇರಿ ಡಿಪೋ ಆಯಿತು. ರಿಪೇರಿಗೆ ಬರುತ್ತಿದ್ದವುಗಳಲ್ಲಿ ಕ್ಯಾಟಲಿನಾ ಅನ್ನೋ ಹಾರುವ ದೋಣಿಗಳೂ ಇದ್ದವು. ಅವು ಇಳೀತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ. ಹೌದು, ಅದೇ ಬೆಳ್ಳಂದೂರು. ನೊರೆ ಉಕ್ಕಿ ರಸ್ತೆಗೆ ಬರುವ, ನೀರಿಗೇ ಬೆಂಕಿ ಹತ್ತಿಕೊಳ್ಳುವ, ನಿಮ್ಮ ಕ್ಯಾಬು ಮುಕ್ಕಾಲು ಗಂಟೆ ನಿಲ್ಲುವ ಬೆಳ್ಳಂದೂರು.

ಕ್ಯಾಟಲಿನಾ ಕೆರೆ ಮೇಲೆ ಇಳಿಯೋದರಲ್ಲಿ ವಿಶೇಷ ಏನಿಲ್ಲ, ಅದನ್ನ ಮಾಡಿದ್ದೇ ಅದಕ್ಕೆ. ಹೊಟ್ಟೆ ಭಾಗ ದೋಣಿಯ ಹಾಗೆ, ರೆಕ್ಕೆ ಮೇಲುಗಡೆ, ಎಂಜಿನ್ ಆ ರೆಕ್ಕೆಯಲ್ಲೇ. ನಾವು ನೀವು ಹತ್ತುವ ವಿಮಾನ ಹಾಗಲ್ಲ. ಹೊಟ್ಟೆ ಗುಂಡಗೆ ಕೊಳವೆಯಂತೆ, ರೆಕ್ಕೆ ಕೆಳಗೆ, ಎಂಜಿನ್ ಸಾಮಾನ್ಯವಾಗಿ ರೆಕ್ಕೆಗೂ ಕೆಳಗೆ. ನೀರು ಮೆತ್ತಗಿರುತ್ತೆ ಅನ್ನೋದು ಬಕೆಟ್ಟಿನಲ್ಲಿ ಕೈ ಅದ್ದುವವರ ನಂಬಿಕೆ. ಗಂಟೆಗೆ ಇನ್ನೂರು ಚಿಲ್ಲರೆ ಕಿಲೋಮೀಟರ್ ವೇಗದಲ್ಲಿ ಬಂದು ಬಡಿದರೆ ನೀರಿಗೆ ಪಕ್ಕಕ್ಕೆ ಸರಿಯಲು ಪುರುಸೊತ್ತೇ ಇರಲ್ಲ. ಆಗ ಅದಕ್ಕೂ ಕಾಂಕ್ರೀಟಿಗೂ ಹೆಚ್ಚು ವ್ಯತ್ಯಾಸ ಇಲ್ಲ. ಹಾಗಾಗಿ ಪೈಲಟ್ ಒಂದಷ್ಟು ಕೆಲಸಗಳನ್ನ ಒಟ್ಟೊಟ್ಟಿಗೇ ಸರಿ ಮಾಡಬೇಕು. ಚಕ್ರ ಹೊರಗೆ ಬಿಡಬಾರದು, ಬಿಟ್ಟರೆ ಅದೇ ಎಡವಿಸುತ್ತೆ. ಮೂಗು ಸ್ವಲ್ಪ ಮೇಲೆ ಇರಬೇಕು. ವೇಗ ಆದಷ್ಟೂ ಕಡಿಮೆ ಇರಬೇಕು, ಆದರೆ ವಿಮಾನ ಗಾಳಿಯಲ್ಲಿ ನಿಲ್ಲಲಾರದಷ್ಟು ಕಡಿಮೆ ಆಗಬಾರದು. ಸಮುದ್ರವಾದರೆ ಅಲೆಗಳಿಗೆ ಅಡ್ಡ ಹೋಗದೆ ಅವುಗಳ ಸಾಲಿನ ಉದ್ದಕ್ಕೂ ಇಳೀಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಎರಡು ರೆಕ್ಕೆಯೂ ಸಮವಾಗಿರಬೇಕು. ಒಂದು ರೆಕ್ಕೆ ಮೊದಲು ನೀರಿಗೆ ತಾಗಿತು ಅಂದರೆ ಇಡೀ ವಿಮಾನ ಅದರ ಸುತ್ತ ತಿರುಗಿ ತುಂಡಾಗುತ್ತೆ.

ಇಷ್ಟು ತಿಳಿದುಕೊಂಡು 1955ಕ್ಕೆ ಹೋಗೋಣ.

ಆಗಿನ್ನೂ ಏರ್ ಇಂಡಿಯಾ ಸರ್ಕಾರದ ಕೈಗೆ ಬಂದು ಎರಡು ವರ್ಷ. ಹೊರದೇಶಕ್ಕೆ ಹೋಗುವ ಅದರ ದೊಡ್ಡ ವಿಮಾನ ಲಾಕ್‌ಹೀಡ್ ಕಾನ್‌ಸ್ಟೆಲೇಷನ್. ನಾಲ್ಕು ಎಂಜಿನ್, ಮೂರು ಬಾಲ, ಮೀನಿನಂಥ ಬಾಗಿದ ಮೈ. ಒಂದೊಂದಕ್ಕೂ ಒಬ್ಬೊಬ್ಬ ರಾಜಕುಮಾರಿಯ ಹೆಸರು. 1948ರಲ್ಲಿ ಬಾಂಬೆಯಿಂದ ಲಂಡನ್‌ಗೆ ಮೊದಲ ಬಾರಿ ಹಾರಿದ್ದು ‘ಮಲಬಾರ್ ಪ್ರಿನ್ಸೆಸ್’. ನಮ್ಮ ಕಥೆಯದು ‘ಕಾಶ್ಮೀರ್ ಪ್ರಿನ್ಸೆಸ್’.

ಆ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ಬಾಂಡುಂಗ್‌ನಲ್ಲಿ ಏಷ್ಯಾ ಮತ್ತು ಆಫ್ರಿಕಾದ ದೇಶಗಳ ದೊಡ್ಡ ಸಮ್ಮೇಳನ. ನೆಹರೂ ಬರೋರಿದ್ದರು, ಈಜಿಪ್ಟಿನ ನಾಸರ್ ಬರೋರಿದ್ದರು, ಚೀನಾದ ಪ್ರಧಾನಿ ಚೌ ಎನ್‌ಲಾಯ್ ಬರೋರಿದ್ದರು. ಚೀನಾದ ನಿಯೋಗದ ಒಂದು ಭಾಗವನ್ನ ಹಾಂಗ್‌ಕಾಂಗ್‌ನಿಂದ ಜಕಾರ್ತಕ್ಕೆ ಕರೆದೊಯ್ಯುವ ಕೆಲಸ ಕಾಶ್ಮೀರ್ ಪ್ರಿನ್ಸೆಸ್‌ಗೆ ಬಿತ್ತು. ಚೌ ಅದರಲ್ಲೇ ಬರುತ್ತಾರೆ ಅನ್ನೋ ಸುದ್ದಿ ಇತ್ತು. ಅವರು ಹತ್ತಲಿಲ್ಲ, ಆಮೇಲೆ ರಂಗೂನ್ ಮೂಲಕ ಬೇರೆ ದಾರಿಯಲ್ಲಿ ಹೋದರು. ಹತ್ತಿದ್ದು 11 ಜನ ಪ್ರಯಾಣಿಕರು: ಚೀನಾದ ಅಧಿಕಾರಿಗಳು, ಪತ್ರಕರ್ತರು, ವಿಯೆಟ್ನಾಮಿನವರೊಬ್ಬರು, ಯುರೋಪಿನ ಇಬ್ಬರು ಪತ್ರಕರ್ತರು. ಜೊತೆಗೆ 8 ಜನ ಭಾರತೀಯ ಸಿಬ್ಬಂದಿ. ಕ್ಯಾಪ್ಟನ್ ಡಿ.ಕೆ. ಜಟಾರ್, ಸಹ ಪೈಲಟ್ ಎಂ.ಸಿ. ದೀಕ್ಷಿತ್, ದಾರಿ ನೋಡುವ ನ್ಯಾವಿಗೇಟರ್ ಜೆ.ಸಿ. ಪಾಠಕ್, ನಿರ್ವಹಣೆಯ ಎಂಜಿನಿಯರ್ ಅನಂತ ಕಾರ್ಣಿಕ್, ಗಗನಸಖಿ ಗ್ಲೋರಿಯಾ ಬೆರ್ರಿ ಇವರಲ್ಲಿದ್ದರು.

ಏಪ್ರಿಲ್ 11ರ ಮಧ್ಯಾಹ್ನ ಹಾಂಗ್‌ಕಾಂಗ್‌ನ ಕೈ ಟಾಕ್ ನಿಲ್ದಾಣದಿಂದ ವಿಮಾನ ಹೊರಟಿತು. ಸುಮಾರು ಐದು ಗಂಟೆ ಎಲ್ಲವೂ ಸರಿಯಾಗಿತ್ತು. ಕೆಳಗೆ ದಕ್ಷಿಣ ಚೀನಾ ಸಮುದ್ರ, ಎತ್ತರ 18,000 ಅಡಿ. ಆಗ ಸದ್ದು. ಬಲಗಡೆ ರೆಕ್ಕೆಯಲ್ಲಿ, ಮೂರನೇ ಎಂಜಿನ್ನಿನ ಹಿಂದೆ ಬೆಂಕಿ. ಹೊಗೆ ಕ್ಯಾಬಿನ್ನಿಗೆ ನುಗ್ಗಿತು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಅವರಿಗೆ ಅದು ಬಾಂಬು ಅಂತ ಗೊತ್ತಿರಲಿಲ್ಲ. ಆ ಸ್ಥಿತಿಯಲ್ಲಿ ಯಾರಿಗಾದರೂ ಮೊದಲು ಬರುವ ಅನುಮಾನ ಎಂಜಿನ್ ಕೆಟ್ಟಿತು ಅಂತ. ಜಟಾರ್ ಬೆಂಕಿ ಎಂಜಿನ್ನಿಗೆ ಹಬ್ಬದಿರಲಿ ಅಂತ ಮೂರನೇ ಎಂಜಿನ್ ಆಫ್ ಮಾಡಿದರು. ಮೂರು ಎಂಜಿನ್ ಉಳಿದವು. ಸಿಬ್ಬಂದಿ ಅಪಾಯದ ಸಂಕೇತ ಕಳಿಸಿದರು, ಒಂದಲ್ಲ ಮೂರು ಸಲ, ತಾವು ನಟುನಾ ದ್ವೀಪಗಳ ಹತ್ತಿರ ಇದ್ದೇವೆ ಅಂತ ಜಾಗದ ಸಮೇತ. ಅಷ್ಟರಲ್ಲಿ ರೇಡಿಯೋ ಸತ್ತಿತು. ಕ್ಯಾಪ್ಟನ್ ವಿಮಾನವನ್ನ ಸಮುದ್ರದ ಮೇಲೆ ಇಳಿಸಲು ಕೆಳಗೆ ತಿರುಗಿಸಿದರು. ಕ್ಯಾಬಿನ್ನಿನ ಒತ್ತಡ ಹೋಗ್ತಿದೆ, ವಿದ್ಯುತ್ ಸರ್ಕ್ಯೂಟುಗಳು ಒಂದೊಂದಾಗಿ ಕೈಕೊಡ್ತಿವೆ, ಕಾಕ್‌ಪಿಟ್ಟಿನಲ್ಲಿ ಹೊಗೆ ತುಂಬಿ ಎದುರಿನ ಮೀಟರುಗಳನ್ನ ನೋಡೋದೇ ಕಷ್ಟ. ಹಿಂದೆ ಕ್ಯಾಬಿನ್ನಿನಲ್ಲಿ ಲೈಫ್ ಜಾಕೆಟ್ ಹಂಚುವ ಕೆಲಸ ನಡೀತಿತ್ತು. ನೀರಿಗೆ ಬಡಿಯೋ ಮುಂಚೆಯೇ ತುರ್ತು ಬಾಗಿಲುಗಳನ್ನ ತೆರೆದಿಟ್ಟರು. ಹೊಡೆತಕ್ಕೆ ಚೌಕಟ್ಟು ತಿರುಚಿಕೊಂಡರೆ ಬಾಗಿಲು ಆಮೇಲೆ ತೆರೆಯುತ್ತೆ ಅನ್ನೋ ಭರವಸೆ ಇರಲ್ಲ, ನೋಡಿ.

ಇದನ್ನೆಲ್ಲ ಮಾಡಲು ಅವರಿಗೆ ಸಿಕ್ಕಿದ್ದು ನಿಮಿಷಗಳು ಮಾತ್ರ. ಉರಿಯುವ ರೆಕ್ಕೆ ಇಟ್ಟುಕೊಂಡು ಹದಿನೆಂಟು ಸಾವಿರ ಅಡಿ ಇಳೀಬೇಕು. ನಿಧಾನ ಮಾಡಿದರೆ ರೆಕ್ಕೆಯೇ ಉಳಿಯಲ್ಲ, ಅವಸರ ಮಾಡಿದರೆ ನೀರಿನ ಹತ್ತಿರ ವೇಗ ಕಡಿಮೆ ಮಾಡಲು ಆಗಲ್ಲ. ಕೊನೆಗೆ ಬಲ ರೆಕ್ಕೆ ಮೊದಲು ನೀರಿಗೆ ತಾಗಿತು. ವಿಮಾನ ಮೂರು ತುಂಡಾಯಿತು.

19 ಜನರಲ್ಲಿ 16 ಜನ ಸತ್ತರು. ಕ್ಯಾಪ್ಟನ್ ಜಟಾರ್ ಇಲ್ಲ. ಗ್ಲೋರಿಯಾ ಬೆರ್ರಿ ಇಲ್ಲ. ಪ್ರಯಾಣಿಕರಲ್ಲಿ ಒಬ್ಬರೂ ಉಳಿಯಲಿಲ್ಲ. ಉಳಿದವರು ದೀಕ್ಷಿತ್, ಪಾಠಕ್ ಮತ್ತು ಕಾರ್ಣಿಕ್. ಅವರು ಕತ್ತಲಲ್ಲಿ ಗಂಟೆಗಟ್ಟಲೆ ಈಜಿ ದ್ವೀಪ ಸೇರಿದರು, ಮೀನುಗಾರರ ಕೈಗೆ ಸಿಕ್ಕರು, ಕೊನೆಗೆ ಬ್ರಿಟಿಷ್ ನೌಕಾಪಡೆಯ ‘ಡ್ಯಾಂಪಿಯರ್’ ಹಡಗು ಅವರನ್ನ ಹತ್ತಿಸಿಕೊಂಡಿತು.

ಸಮುದ್ರದಿಂದ ಎತ್ತಿದ ಅವಶೇಷಗಳನ್ನ ಪರೀಕ್ಷಿಸಿದ ತನಿಖೆ, ಬಲಗಡೆಯ ಚಕ್ರ ಮಡಚಿಕೊಳ್ಳುವ ಗೂಡಿನಲ್ಲಿ ಟೈಮ್ ಬಾಂಬ್ ಇಟ್ಟಿದ್ದರು ಅಂತ ತೀರ್ಮಾನಿಸಿತು. ಹಾಂಗ್‌ಕಾಂಗ್ ಪೊಲೀಸರ ಅನುಮಾನ ಹೋದದ್ದು ಕೈ ಟಾಕ್‌ನಲ್ಲಿ ವಿಮಾನಗಳ ನಿರ್ವಹಣೆ ಮಾಡುವ ಕಂಪನಿಯ ಒಬ್ಬ ಸ್ವಚ್ಛತಾ ನೌಕರನ ಮೇಲೆ. ಅವನು ಮೇ ತಿಂಗಳಲ್ಲಿ ತೈವಾನಿಗೆ ಹಾರಿಹೋದ, ಮತ್ತೆ ಸಿಗಲೇ ಇಲ್ಲ. ಚೌ ಎನ್‌ಲಾಯ್‌ಗೆ ಮೊದಲೇ ಗೊತ್ತಿತ್ತಾ, ದುಡ್ಡು ಕೊಟ್ಟವರು ಯಾರು, ಯಾವ ಗೂಢಚಾರ ಸಂಸ್ಥೆಯ ಕೈವಾಡ ಎಷ್ಟು ಅಂತ ಇವತ್ತಿಗೂ ಲೇಖನಗಳು ಬರ್ತಾನೇ ಇವೆ. ಕಾಶ್ಮೀರ್ ಪ್ರಿನ್ಸೆಸ್ ಅಂತ ಹುಡುಕಿದರೆ ನಿಮಗೆ ಸಿಗೋದು ಬಹುಪಾಲು ಈ ಗೂಢಚಾರಿಕೆಯ ಕಥೆಯೇ. ಕಾಕ್‌ಪಿಟ್ಟಿನಲ್ಲಿ, ಕ್ಯಾಬಿನ್ನಿನಲ್ಲಿ ನಡೆದದ್ದು ಅದರಲ್ಲಿ ಎರಡು ಸಾಲು.

ನನ್ನ ಕಣ್ಣಿಗೆ ಆ ಎರಡು ಸಾಲೇ ದೊಡ್ಡದು. ಯೋಚನೆ ಮಾಡಿ. ಅವರು ಜಾಗದ ಸಮೇತ ಸಂಕೇತ ಕಳಿಸದೇ ಇದ್ದಿದ್ದರೆ, ಆ ಸಮುದ್ರದಲ್ಲಿ ಎಲ್ಲಿ ಅಂತ ಹುಡುಕೋದು? ಬಾಗಿಲು ತೆರೆದಿಡದೇ, ಜಾಕೆಟ್ ಹಂಚದೇ ಹೋಗಿದ್ದರೆ ಆ ಮೂವರೂ ಉಳಿಯುತ್ತಿದ್ದರು ಅಂತ ಹೇಳೋದು ಕಷ್ಟ. ಮೂವರೂ ಉಳಿಯದಿದ್ದರೆ, ಸದ್ದು ಎಲ್ಲಿಂದ ಬಂತು, ಹೊಗೆ ಹೇಗೆ ಹರಡಿತು, ಎಂಜಿನ್‌ಗಳು ಹೇಗಿದ್ದವು ಅಂತ ತನಿಖೆಯವರ ಮುಂದೆ ಹೇಳಲು ಯಾರೂ ಇರುತ್ತಿರಲಿಲ್ಲ. ಅದರಲ್ಲೂ ಕಾರ್ಣಿಕ್ ಎಂಜಿನಿಯರು. ವಿಮಾನದ ಮೈ ಬಲ್ಲವರು. ಅವರು ಆಮೇಲೆ ‘ಕಾಶ್ಮೀರ್ ಪ್ರಿನ್ಸೆಸ್’ ಅನ್ನೋ ಹೆಸರಿನಲ್ಲೇ ಪುಸ್ತಕ ಬರೆದರು. ಭಾರತೀಯ ವಿಮಾನ, ಭಾರತೀಯ ಸಿಬ್ಬಂದಿ, ಸತ್ತವರು ಚೀನಾದ ನಿಯೋಗದವರು. ಅದೂ ಸಮ್ಮೇಳನ ಶುರುವಾಗಲು ಒಂದು ವಾರ ಇರುವಾಗ. ‘ಎಂಜಿನ್ ಕೆಟ್ಟಿತ್ತು, ಪೈಲಟ್ ತಪ್ಪು ಮಾಡಿದ’ ಅಂತ ಕೈ ತೊಳೆದುಕೊಳ್ಳೋದು ಎಷ್ಟು ಸುಲಭ ಇತ್ತು ಅಂತ ನೀವೇ ಊಹಿಸಿ.

ಸರಿ, ಹದಿನಾರು ಜನ ಸತ್ತ ಮೇಲೆ ಮೆಚ್ಚೋದು ಏನನ್ನ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಪಕ್ಕದಲ್ಲೇ ಇನ್ನೊಂದು ವಿಮಾನ ಇಟ್ಟು ನೋಡೋಣ.

1956ರ ಅಕ್ಟೋಬರ್ 16. ಪ್ಯಾನ್ ಅಮೆರಿಕನ್ ಕಂಪನಿಯ ಸ್ಟ್ರಾಟೊಕ್ರೂಸರ್ ವಿಮಾನ ಹೊನಲುಲುವಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಕಡೆ ರಾತ್ರಿ ಹಾರುತ್ತಿದೆ. ನಡು ಶಾಂತಸಾಗರದಲ್ಲಿ ನಾಲ್ಕು ಎಂಜಿನ್‌ಗಳಲ್ಲಿ ಎರಡು ಕೈಕೊಟ್ಟವು. ಮುಂದೆ ಹೋಗಲೂ ಇಂಧನ ಸಾಲದು, ಹಿಂದೆ ಬರಲೂ ಸಾಲದು. ಕ್ಯಾಪ್ಟನ್ ರಿಚರ್ಡ್ ಆಗ್ ಅವರ ಅದೃಷ್ಟ, ಅಮೆರಿಕದ ಕೋಸ್ಟ್ ಗಾರ್ಡ್ ಹಡಗು ‘ಪಾಂಚಾರ್ಟ್ರೈನ್’ ಹತ್ತಿರದಲ್ಲೇ ಇತ್ತು. ಆಗ್ ಗಡಿಬಿಡಿ ಮಾಡಲಿಲ್ಲ. ಬೆಳಕು ಹರಿಯುವವರೆಗೂ ಆ ಹಡಗಿನ ಮೇಲೆ ಸುತ್ತು ಹೊಡೆದರು. ಇಂಧನ ಖರ್ಚಾಗಿ ವಿಮಾನ ಹಗುರವಾಯಿತು. ಬೆಳಿಗ್ಗೆ ಹಡಗಿನ ಪಕ್ಕದಲ್ಲಿ ಇಳಿಸಿದರು. ಬಾಲ ಮುರಿದು ಬಿತ್ತು, ಸುಮಾರು ಇಪ್ಪತ್ತು ನಿಮಿಷದಲ್ಲಿ ವಿಮಾನ ಮುಳುಗಿತು. 31 ಜನರೂ ಬದುಕಿದರು.

ಬಾಲ ಮುರಿದ ಜಾಗದಲ್ಲಿ ಯಾರೂ ಕೂತಿರಲಿಲ್ಲ. ಯಾಕೆ ಗೊತ್ತಾ? 1955ರ ಮಾರ್ಚ್ 26ರಂದು, ಅಂದರೆ ನಮ್ಮ ಕಾಶ್ಮೀರ್ ಪ್ರಿನ್ಸೆಸ್‌ಗೆ ಎರಡು ವಾರ ಮುಂಚೆ, ಅದೇ ಕಂಪನಿಯ ಅದೇ ಮಾದರಿಯ ವಿಮಾನ ಆರೆಗನ್ ತೀರದಾಚೆ ನೀರಿಗಿಳಿದಿತ್ತು. ಆಗಲೂ ಬಾಲ ಮುರಿದಿತ್ತು, ನಾಲ್ವರು ಸತ್ತಿದ್ದರು. ಆಗ್ ಅದನ್ನ ತಿಳಿದಿದ್ದರು. ಅದಕ್ಕೇ ಇಳಿಸುವ ಮುಂಚೆ ಹಿಂದಿನ ಸೀಟುಗಳನ್ನ ಖಾಲಿ ಮಾಡಿಸಿದರು.

ಜಟಾರ್‌ಗೆ ಏನೇನು ಇರಲಿಲ್ಲ ಅಂತ ಈಗ ಲೆಕ್ಕ ಹಾಕಿ. ಬೆಳಕು ಹರಿಯುವ ತನಕ ಕಾಯಲು ಸಮಯ ಇರಲಿಲ್ಲ. ಪಕ್ಕದಲ್ಲಿ ಹಡಗು ಇರಲಿಲ್ಲ. ಮಾತು ಕೇಳುವ ವಿಮಾನ ಇರಲಿಲ್ಲ. ಸಮಸ್ಯೆ ಏನು ಅಂತಲೇ ಗೊತ್ತಿರಲಿಲ್ಲ. ಇಬ್ಬರು ಕ್ಯಾಪ್ಟನ್‌ಗಳೂ ಇದ್ದದ್ದರಲ್ಲಿ ಮಾಡಬೇಕಾದ ಕೆಲಸವನ್ನ ಅದರ ಕ್ರಮದಲ್ಲೇ ಮಾಡುತ್ತಾ ಹೋದರು. ಒಬ್ಬರಿಗೆ 31ಕ್ಕೆ 31 ಬಂತು, ಇನ್ನೊಬ್ಬರಿಗೆ 19ಕ್ಕೆ 3. ಆ ಅಂಕಿ ಹೇಳೋದು ಬೆಂಕಿಯ, ಸಮಯದ, ದೂರದ ಕಥೆಯನ್ನ. ಕೈಚಳಕದ ಕಥೆ ಬೇರೆ ಇದೆ.

ಈಗ ಹಡ್ಸನ್‌ಗೆ ಬರೋಣ, ಯಾಕೆಂದರೆ ಅಲ್ಲಿ ನಡೆದದ್ದು ಸೆಕೆಂಡು ಸೆಕೆಂಡಿಗೂ ದಾಖಲಾಗಿದೆ. ಕೈಚಳಕ ಅಂದರೆ ಏನು ಅಂತ ಬಿಡಿಸಿ ನೋಡಬಹುದು.

ವಿಮಾನ ಏರ್‌ಬಸ್ ಎ320. ಬೆಂಗಳೂರಿಗೆ ಈ ಹೆಸರಿನ ಜೊತೆ ಒಂದು ಹಳೇ ಗಾಯ ಇದೆ. 1990ರ ಫೆಬ್ರವರಿ 14ರಂದು ಹಳೇ ಏರ್‌ಪೋರ್ಟಿನ ಪಕ್ಕದ ಗಾಲ್ಫ್ ಮೈದಾನದಲ್ಲಿ ಬಿದ್ದು 92 ಜನರನ್ನ ಬಲಿ ತೆಗೆದುಕೊಂಡ ಇಂಡಿಯನ್ ಏರ್‌ಲೈನ್ಸ್ ವಿಮಾನ ಇದೇ ಮಾದರಿಯದು, ಆಗ ಹೊಚ್ಚ ಹೊಸದು. ಹಾಗೇ ಇನ್ನೊಂದು ನಂಟೂ ಇದೆ: ಎ320ರ ಪ್ರಯಾಣಿಕರ ಬಾಗಿಲುಗಳನ್ನ ದಶಕಗಳಿಂದ ಎಚ್‌ಎಎಲ್ ಇಲ್ಲೇ ಮಾಡಿ ಏರ್‌ಬಸ್‌ಗೆ ಕಳಿಸುತ್ತಾ ಬಂದಿದೆ. ಯಂತ್ರ ಒಂದೇ ಆದರೂ ಕಥೆಗಳು ಬೇರೆ ಬೇರೆ. ಒಳ್ಳೆ ವಿಮಾನ ಇದ್ದ ಮಾತ್ರಕ್ಕೆ ತಾನಾಗಿ ಯಾರನ್ನೂ ಉಳಿಸಲ್ಲ.

ಮಧ್ಯಾಹ್ನ 3:25ಕ್ಕೆ ಲಗಾರ್ಡಿಯಾದಿಂದ ಮೇಲೇರಿದ ವಿಮಾನಕ್ಕೆ ಎರಡು ನಿಮಿಷದೊಳಗೆ, ಮೂರು ಸಾವಿರ ಅಡಿಯೂ ಮುಟ್ಟದೆ ಇರುವಾಗ, ಬಾತುಕೋಳಿ ಜಾತಿಯ ದೊಡ್ಡ ಹಕ್ಕಿಗಳ ಹಿಂಡು ಬಡಿಯಿತು. ಎರಡೂ ಎಂಜಿನ್ ಬಲ ಕಳೆದುಕೊಂಡವು. ಅಲ್ಲಿಂದ ನೀರು ಮುಟ್ಟುವ ತನಕ 208 ಸೆಕೆಂಡು. ನಿಮ್ಮ ಆಫೀಸಿನ ಕಾಫಿ ಮೆಷಿನ್ ಮುಂದೆ ಕ್ಯೂ ನಿಲ್ಲೋದಕ್ಕೂ ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ಆ ಕ್ಷಣದಲ್ಲಿ ವಿಮಾನ ಹಾರಿಸುತ್ತಿದ್ದವರು ಸಹ ಪೈಲಟ್ ಜೆಫ್ರಿ ಸ್ಕೈಲ್ಸ್. ಕ್ಯಾಪ್ಟನ್ ಚೆಸ್ಲಿ ಸಲೆನ್‌ಬರ್ಗರ್ ತಕ್ಷಣ ಎರಡು ಕೆಲಸ ಮಾಡಿದರು. ಹಿಂಬದಿಯ ಸಹಾಯಕ ಎಂಜಿನ್ ಚಾಲೂ ಮಾಡಿದರು, ವಿಮಾನದ ನಿಯಂತ್ರಣ ತಾವು ತೆಗೆದುಕೊಂಡರು. ಸಹಾಯಕ ಎಂಜಿನ್ ಚಾಲೂ ಮಾಡೋದು ಚೆಕ್‌ಲಿಸ್ಟಿನಲ್ಲಿ ಎಷ್ಟೋ ಕೆಳಗೆ ಬರುವ ಸಾಲು. ಅವರು ಅಲ್ಲಿಯವರೆಗೆ ಕಾಯಲಿಲ್ಲ. ವಿದ್ಯುತ್ ಇದ್ದರೆ ಮಾತ್ರ ಆ ವಿಮಾನದ ಕಂಪ್ಯೂಟರುಗಳು ಪೂರ್ತಿ ಸಹಾಯ ಮಾಡುತ್ತವೆ ಅಂತ ಅವರಿಗೆ ಗೊತ್ತಿತ್ತು.

ನಿಯಂತ್ರಣ ಬದಲಾಯಿಸಿದ್ದಕ್ಕೂ ಕಾರಣ ಇತ್ತು. ಸಲೆನ್‌ಬರ್ಗರ್‌ಗೆ ಆ ಮಾದರಿಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಗಂಟೆಯ ಅನುಭವ, ಒಟ್ಟು ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು. ಸ್ಕೈಲ್ಸ್ ಕೂಡ ಹಳಬರೇ, ಆದರೆ ಎ320ರಲ್ಲಿ ಅವರದು ಬರೀ 37 ಗಂಟೆ. ಇದೇ ಒಂದು ಅನುಕೂಲ ಆಯಿತು. ಸ್ಕೈಲ್ಸ್ ಆಗಷ್ಟೇ ತರಬೇತಿ ಮುಗಿಸಿ ಬಂದವರು, ಚೆಕ್‌ಲಿಸ್ಟ್ ತಲೆಯಲ್ಲಿ ತಾಜಾ ಇತ್ತು. ಹಾರಿಸುವ ಕೆಲಸ ಹಳಬನಿಗೆ, ಪುಸ್ತಕ ತಿರುವುವ ಕೆಲಸ ಈಗ ತಾನೇ ಓದಿ ಬಂದವನಿಗೆ. ಎಷ್ಟು ಟೀಮುಗಳಲ್ಲಿ ನಾವು ಇದನ್ನ ಇಷ್ಟು ಬೇಗ ತೀರ್ಮಾನ ಮಾಡ್ತೀವಿ ಹೇಳಿ. ಆ ಚೆಕ್‌ಲಿಸ್ಟೋ, ಇಪ್ಪತ್ತು ಸಾವಿರ ಅಡಿಗಿಂತ ಮೇಲೆ ಎಂಜಿನ್ ನಿಂತಾಗ ಅಂತ ಬರೆದ ಮೂರು ಪುಟದ್ದು. ಅದರ ಮೂರನೇ ಒಂದು ಭಾಗ ಮುಗಿಯೋಷ್ಟರಲ್ಲಿ ನೀರು ಬಂತು.

ವಾಪಸ್ ಏರ್‌ಪೋರ್ಟಿಗೆ ತಿರುಗಬಹುದಿತ್ತಲ್ಲ ಅನ್ನೋ ಪ್ರಶ್ನೆಗೂ ಪರೀಕ್ಷೆ ನಡೀತು. ಸಿಮ್ಯುಲೇಟರಿನಲ್ಲಿ ಹಕ್ಕಿ ಬಡಿದ ಕ್ಷಣದಲ್ಲೇ ತಿರುಗಿದ ಕೆಲವರು ರನ್‌ವೇ ಮುಟ್ಟಿದರು. ಏನಾಗಿದೆ ಅಂತ ಅರ್ಥ ಮಾಡಿಕೊಳ್ಳಲು ಮನುಷ್ಯರಿಗೆ ಬೇಕಾಗುವ 35 ಸೆಕೆಂಡು ಸೇರಿಸಿದಾಗ ಮುಟ್ಟಲಿಲ್ಲ. ಆ ದಾರಿಯ ಕೆಳಗೆ ಇದ್ದದ್ದು ನಗರ.

ನೀರು ಮುಟ್ಟಿದಾಗಲೂ ಎಲ್ಲ ನಾಜೂಕಾಗಿ ನಡೆಯಲಿಲ್ಲ. ಈ ವಿಮಾನ ನೀರಿಗಿಳಿಯುವಾಗ ಸೆಕೆಂಡಿಗೆ ಮೂರೂವರೆ ಅಡಿ ವೇಗದಲ್ಲಿ ಕೆಳಗೆ ಬರಬಹುದು ಅಂತ ವಿನ್ಯಾಸದ ಲೆಕ್ಕ. ಅವತ್ತು ಬಂದದ್ದು ಸುಮಾರು ಹನ್ನೆರಡೂವರೆ ಅಡಿ. ಹಿಂಭಾಗದ ತಳ ಹರಿದುಹೋಯಿತು. ಆದರೆ ರೆಕ್ಕೆ ಎರಡೂ ಸಮವಾಗಿದ್ದವು, ಮೂಗು ಮೇಲಿತ್ತು. ವಿಮಾನ ತುಂಡಾಗಲಿಲ್ಲ.

ಇಲ್ಲಿಂದ ಮುಂದಿನ ಕಥೆ ಸಿನಿಮಾದಲ್ಲಿ ಸಣ್ಣದು, ನಿಜದಲ್ಲಿ ದೊಡ್ಡದು. ಕ್ಯಾಬಿನ್ನಿನಲ್ಲಿದ್ದವರು ಶೀಲಾ ಡೇಲ್, ಡೋನಾ ಡೆಂಟ್, ಡೋರೀನ್ ವೆಲ್ಷ್. ಮೂವರೂ ಐವತ್ತು ದಾಟಿದ ಹೆಂಗಸರು, ಪ್ರತಿಯೊಬ್ಬರಿಗೂ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಸರ್ವೀಸು. ಗಗನಸಖಿ ಅಂದರೆ ಇಪ್ಪತ್ತೆರಡರ ಹುಡುಗಿ, ಲಿಪ್‌ಸ್ಟಿಕ್ಕು, ನಗು ಅಂದುಕೊಂಡ ನಮ್ಮ ದೇಶದವರು ಇದನ್ನ ಎರಡು ಸಲ ಓದಬೇಕು. ಕ್ಯಾಪ್ಟನ್‌ರಿಂದ ಅವರಿಗೆ ಬಂದದ್ದು ಹೊಡೆತಕ್ಕೆ ಸಿದ್ಧರಾಗಿ ಅನ್ನೋ ಸೂಚನೆ ಮಾತ್ರ. ಇಳಿಯೋದು ನೀರಿಗೆ ಅಂತ ಯಾರೂ ಹೇಳಿರಲಿಲ್ಲ, ಹೇಳಲು ಸಮಯ ಇರಲಿಲ್ಲ. ತಲೆ ಬಗ್ಗಿಸಿ, ಬಗ್ಗಿಸಿಯೇ ಇರಿ ಅಂತ ಮೂವರೂ ಒಂದೇ ದನಿಯಲ್ಲಿ ಕೂಗುತ್ತಾ ಹೋದರು. ವಿಮಾನ ನಿಂತ ಮೇಲೆ ಮುಂದೆ ಇದ್ದ ಇಬ್ಬರು ಬಾಗಿಲು ತೆಗೆದಾಗಲೇ ನೀರು ಕಂಡದ್ದು. ಹಿಂದೆ ಇದ್ದ ವೆಲ್ಷ್ ಅವರ ಕಾಲು ಆಳವಾಗಿ ಸೀಳಿತ್ತು, ನೀರು ಏರುತ್ತಿತ್ತು. ಹಿಂಬಾಗಿಲಿನ ಕಡೆ ನುಗ್ಗುವವರನ್ನ ಅವರು ಮುಂದಕ್ಕೆ ತಿರುಗಿಸಿ ಕಳಿಸಿದರು. ಜನ ರೆಕ್ಕೆ ಮೇಲೆ ಸಾಲಾಗಿ ನಿಂತರು. ಕೆಲವೇ ನಿಮಿಷಕ್ಕೆ ಫೆರಿ ದೋಣಿಗಳು ಬಂದವು. ಕ್ಯಾಪ್ಟನ್ ಇಡೀ ಕ್ಯಾಬಿನ್ ಎರಡು ಸಲ ಓಡಾಡಿ ಯಾರೂ ಉಳಿದಿಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೇ ಹೊರಗೆ ಬಂದರು.

ಇದರಲ್ಲಿ ಪವಾಡ ಎಲ್ಲಿದೆ? ಹಗಲು ಬೆಳಕು, ನಿಂತ ನೀರಿನಂಥ ನದಿ, ಹತ್ತಿರದಲ್ಲೇ ದೋಣಿಗಳು. ಇದನ್ನ ಅದೃಷ್ಟ ಅನ್ನಿ, ಒಪ್ಪೋಣ. ಮಿಕ್ಕದ್ದೆಲ್ಲ ಹತ್ತಾರು ವರ್ಷ ಬೇಜಾರು ಹಿಡಿಸುವಷ್ಟು ಸಲ ಮಾಡಿದ ಅಭ್ಯಾಸ.

ಒಂದು ಪಾಲು ಮಾತ್ರ ಸಿಬ್ಬಂದಿಯ ಕೈಯಲ್ಲಿ ಇರಲ್ಲ, ನಮ್ಮ ಕೈಯಲ್ಲಿ ಇರುತ್ತೆ. 1996ರ ನವೆಂಬರ್ 23ರಂದು ಇಥಿಯೋಪಿಯನ್ ಏರ್‌ಲೈನ್ಸ್‌ನ ಬೋಯಿಂಗ್ 767 ವಿಮಾನವನ್ನ ಮೂವರು ಅಪಹರಿಸಿದರು. ಇಂಧನ ಸಾಲಲ್ಲ ಅಂದರೂ ಅವರು ಕೇಳಲಿಲ್ಲ. ಕ್ಯಾಪ್ಟನ್ ಲಿಯುಲ್ ಅಬಾತೆ, ಅವರಿಗೆ ಅದು ಮೂರನೇ ಅಪಹರಣ, ಎರಡೂ ಎಂಜಿನ್ ನಿಂತ ವಿಮಾನವನ್ನ ಕೊಮೊರೋಸ್ ದ್ವೀಪದ ಕಡಲತೀರದ ಪಕ್ಕಕ್ಕೆ ತಂದು ಇಳಿಸಿದರು, ಅದೂ ಕಾಕ್‌ಪಿಟ್ಟಿನಲ್ಲಿ ಜಗಳ ನಡೀತಿರುವಾಗ. ಎಡ ರೆಕ್ಕೆ ಮೊದಲು ತಾಗಿ ವಿಮಾನ ಒಡೆಯಿತು. 175 ಜನರಲ್ಲಿ 50 ಜನ ಉಳಿದರು. ಸತ್ತವರಲ್ಲಿ ಎಷ್ಟೋ ಜನ ಹೊಡೆತಕ್ಕೆ ಸತ್ತವರಲ್ಲ. ಹೆದರಿ ಲೈಫ್ ಜಾಕೆಟ್ಟನ್ನ ವಿಮಾನದ ಒಳಗೇ ಊದಿಸಿಕೊಂಡಿದ್ದರು. ನೀರು ತುಂಬಿದಾಗ ಜಾಕೆಟ್ ಅವರನ್ನ ಚಾವಣಿಗೆ ಎತ್ತಿ ಅಲ್ಲೇ ಹಿಡಿದುಬಿಟ್ಟಿತು. ಮುಳುಗಿ ಬಾಗಿಲ ಕಡೆ ಈಜಲು ಆಗಲಿಲ್ಲ.

ದೇವನಹಳ್ಳಿಯಿಂದ ಹೊರಡುವ ಪ್ರತಿ ವಿಮಾನದಲ್ಲೂ ಇದನ್ನ ಹೇಳುತ್ತಾರೆ: ಜಾಕೆಟ್ ಹಾಕಿಕೊಳ್ಳಿ, ಆದರೆ ಹೊರಗೆ ಹೋಗುವಾಗ ಮಾತ್ರ ಊದಿಸಿ. ಆಗ ನಾವೇನು ಮಾಡ್ತಿರ್ತೀವಿ? ಕೊನೇ ಸ್ಲ್ಯಾಕ್ ಮೆಸೇಜು, ಕೊನೇ ರೀಲು. ಆ ಹುಡುಗಿ ಹಳದಿ ಜಾಕೆಟ್ಟಿನ ದಾರ ಎಳೆದ ಹಾಗೆ ಮಾಡಿ, ಯಾರೂ ನೋಡದ ಸೀಟುಗಳ ಸಾಲಿಗೆ ಕೈ ತೋರಿಸಿ ಬಾಗಿಲು ಎಲ್ಲಿದೆ ಅಂತ ಹೇಳ್ತಾಳೆ. ನೂರು ಸಲ ಹೇಳಿದ್ದು ನೂರೊಂದನೇ ಸಲ ಬೇಕಾಗುತ್ತೆ ಅಂತಲೇ ಅವಳಿಗೆ ಸಂಬಳ. ಕಾಫಿ, ಸ್ಯಾಂಡ್‌ವಿಚ್ಚು ಆಮೇಲಿನ ಮಾತು.

ನಮ್ಮ ತಲೆಮಾರಿನವರು ದುಡಿಯುವ ಜಾಗಗಳಲ್ಲಿ ಎಲ್ಲದಕ್ಕೂ ಫಲಿತಾಂಶವೇ ಅಳತೆ. ರಿಲೀಸ್ ಆಯ್ತಾ, ನಂಬರ್ ಬಂತಾ? ಬಂದರೆ ರೇಟಿಂಗ್, ಇಲ್ಲದಿದ್ದರೆ ಇಲ್ಲ. ಆ ತಕ್ಕಡಿಯಲ್ಲಿ ಕಾಶ್ಮೀರ್ ಪ್ರಿನ್ಸೆಸ್ ಸಿಬ್ಬಂದಿ ಫೇಲ್. ಆದರೆ 1955ರ ಹೊಸ ದೇಶ, ಆಗಿನ್ನೂ ಎಂಟು ವರ್ಷದ ಕೂಸು, ಬೇರೆ ತಕ್ಕಡಿ ಇಟ್ಟುಕೊಂಡಿತ್ತು. ಜಟಾರ್, ಬೆರ್ರಿ, ದೀಕ್ಷಿತ್, ಪಾಠಕ್, ಕಾರ್ಣಿಕ್ ಐವರಿಗೂ ಅಶೋಕ ಚಕ್ರ ಶ್ರೇಣಿಯ ಶೌರ್ಯ ಪ್ರಶಸ್ತಿ ಕೊಟ್ಟಿತು. ಯುದ್ಧಭೂಮಿಯಾಚೆಗಿನ ಶೌರ್ಯಕ್ಕೆ ಇರುವ ಗೌರವ ಅದು. ವಿಮಾನ ಉಳಿದಿರಲಿಲ್ಲ, ಪ್ರಯಾಣಿಕರಲ್ಲಿ ಒಬ್ಬರೂ ಉಳಿದಿರಲಿಲ್ಲ. ಆದರೂ ಹೊಗೆ ತುಂಬಿದ ಕಾಕ್‌ಪಿಟ್ಟಿನಲ್ಲಿ ಕೊನೇ ತನಕ ಕೈ ಬಿಡದ ಒಬ್ಬ ಕ್ಯಾಪ್ಟನ್‌ಗೆ, ಅವನಷ್ಟೇ ಒಬ್ಬ ಗಗನಸಖಿಗೂ, ಬದುಕಿ ಬಂದ ಮೂವರಿಗೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಗೌರವ ಕೊಟ್ಟರು.

ಆ ಸರ್ಕಾರದ ಯಾವ ಅಧಿಕಾರಿ ಆ ಕಡತ ಬರೆದರೋ, ಅವರಿಗೆ ಕೆಲಸ ಅಂದರೆ ಏನು ಅಂತ ಗೊತ್ತಿತ್ತು. ಮುಂದಿನ ಸಲ ಎಲ್ಲೋ ಯಾರೋ ಪವಾಡಸದೃಶ ರೀತಿಯಲ್ಲಿ ಪಾರಾದರು ಅಂತ ಓದಿದಾಗ, ಸ್ಟೇರಿಂಗ್ ಹಿಡಿದಿದ್ದವರು ಯಾರು ಅಂತ ಒಂದು ಸಲ ಕೇಳಿ. ಪಾರಾಗಲಿಲ್ಲ ಅಂತ ಓದಿದಾಗಲೂ ಕೇಳಿ.